ಪೆಟ್ಟಿಗೆಯ ಹಾಡಿಗೂ ಶ್ರುತಿ ಬೇಕು

ನಮ್ಮೂರಿನಲ್ಲಿ ಹಾಡುವ ಯಂತ್ರ ಯಾವುದೇ ಕೆಡಲಿ, ಅದು ಒಮ್ಮೆ ವಿಜ್ಞಾನದ ಮೇಷ್ಟ್ರ ಜಗಲಿಗೆ ಬಂದೇ ತೀರಬೇಕು. ಮೊದಮೊದಲು ಟ್ರಾನ್ಸಿಸ್ಟರುಗಳು ಬರುತ್ತಿದ್ದವು, ಆಮೇಲೆ ಟೇಪ್ ರೆಕಾರ್ಡರುಗಳು, ಅನಂತರ ಸಿ.ಡಿ. ಪ್ಲೇಯರುಗಳು. ಈಗ ಬರುವುದು ಪೆನ್‌ಡ್ರೈವ್ ಚುಚ್ಚಿಸಿಕೊಂಡು ಹಾಡುವ ಡಿಜಿಟಲ್ ಪೆಟ್ಟಿಗೆಗಳು. ತಂದವರ ದೂರು ಮಾತ್ರ ಅಂದಿನಿಂದ ಇಂದಿನವರೆಗೆ ಒಂದೇ: “ನಿನ್ನೆವರೆಗೂ ಚೆನ್ನಾಗಿ ಹಾಡ್ತಿತ್ತು ಮೇಷ್ಟ್ರೇ.”

ಬೇರೆ ಊರುಗಳಲ್ಲಾದರೆ ಇಂಥ ಪೆಟ್ಟಿಗೆ ನಾಲ್ಕು ದಿನ ಮೂಕವಾಗಿ ಕುಳಿತರೂ ನಡೆಯುತ್ತದೆ. ರುದ್ರಪಟ್ಟಣದಲ್ಲಿ ನಡೆಯುವುದಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಂಡೆಗೆ ಅಂಟಿಕೊಂಡಿರುವ ಈ ಸಣ್ಣ ಊರು ಸಂಗೀತಕ್ಕೆ ಕೊಟ್ಟವರ ಪಟ್ಟಿ ದೊಡ್ಡದು. 1920ರಲ್ಲಿ ಇಲ್ಲಿ ಹುಟ್ಟಿ, ಆಕಾಶವಾಣಿಯಲ್ಲಿ ದಶಕಗಳ ಕಾಲ ದುಡಿದು, ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿ 2014ರಲ್ಲಿ ತೀರಿಕೊಂಡ ಆರ್.ಕೆ. ಶ್ರೀಕಂಠನ್, ಜೋಡಿಯಾಗಿ ಹಾಡಿ ‘ರುದ್ರಪಟ್ಟಣಂ ಸೋದರರು’ ಎನಿಸಿಕೊಂಡ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ತಂಬೂರಿಯ ಆಕಾರದಲ್ಲಿಯೇ ಸಪ್ತಸ್ವರ ದೇವತಾ ಧ್ಯಾನಮಂದಿರವನ್ನು ಕಟ್ಟಿಸಿದ ಆರ್.ಕೆ. ಪದ್ಮನಾಭ. ಇವರ ಹೆಸರಿನ ಮುಂದಿರುವ ‘ಆರ್’ ಅಕ್ಷರವೆಲ್ಲ ನಮ್ಮೂರೇ.

ಹೀಗಿರುವ ಊರಿನಲ್ಲಿ ಹಳೆಯ ಟ್ರಂಕುಗಳನ್ನು ಬಿಚ್ಚಿದರೆ ಅಡಗೂಲಜ್ಜಿ ಕಾಲದ ರೇಷ್ಮೆ ಸೀರೆಯ ಜೊತೆಗೆ ಧ್ವನಿಸುರುಳಿಗಳೂ ಸಿಗುತ್ತವೆ. ಅಂಗಡಿಯಲ್ಲಿ ಕೊಂಡವುಗಳ ಮಾತು ಹಾಗಿರಲಿ, ಅವು ಇನ್ನೆಲ್ಲಾದರೂ ಸಿಕ್ಕಾವು. ಮದುವೆಮನೆಯ ಚಪ್ಪರದಲ್ಲಿ ನಡೆದ ಕಚೇರಿ, ರಾಮನವಮಿಯ ಪಾನಕ ಕೋಸಂಬರಿಯ ನಡುವಿನ ಹಾಡು, ಅಜ್ಜ ಬೆಳಗಿನ ಜಾವ ಮೊಮ್ಮಗಳಿಗೆ ಹೇಳಿಕೊಟ್ಟ ಪಾಠ, ಇವು ಮಾತ್ರ ಪ್ರಪಂಚದಲ್ಲಿ ಒಂದೇ ಒಂದು ಪ್ರತಿ. ಈಗ ಅವೆಲ್ಲ ಒಂದೊಂದಾಗಿ ಪೆನ್‌ಡ್ರೈವಿಗೆ ಇಳಿಯುತ್ತಿವೆ. ಆದ್ದರಿಂದ ಪೆಟ್ಟಿಗೆಯನ್ನು ಹೇಗೆ ಹಾಡಿಸುವುದು ಎಂಬುದರ ಜೊತೆಗೆ, ಅದು ಸರಿಯಾಗಿ ಹಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ ಎಂಬುದನ್ನೂ ಈ ವಾರ ನೋಡೋಣ. ಎರಡನೆಯದೇ ಹೆಚ್ಚು ಮುಖ್ಯ ಎಂಬುದು ನನ್ನ ಎಣಿಕೆ. ಆದರೆ ಮೂಕ ಪೆಟ್ಟಿಗೆಯ ಶ್ರುತಿ ನೋಡಲಾಗದಷ್ಟೆ, ಹಾಗಾಗಿ ಮೊದಲನೆಯದನ್ನೇ ಮೊದಲು ಮುಗಿಸೋಣ.

ಪೆಟ್ಟಿಗೆಗಳಲ್ಲಿ ಜಾತಿ ಹಲವು. ಹಾಡುಗಳನ್ನು ಮೊದಲೇ ತುಂಬಿ ಮಾರುವುದು ಒಂದು ಬಗೆ. ಸರೆಗಮ ಸಂಸ್ಥೆ 2017ರಲ್ಲಿ 5000 ಹಾಡು ತುಂಬಿದ ‘ಕಾರವಾನ್’ ತಂದ ಮೇಲೆ ಇದು ಮನೆಮಾತಾಯಿತು. ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡ್ ಹಾಕುವ ಅಗ್ಗದ ಪೆಟ್ಟಿಗೆಗಳು ಇನ್ನೊಂದು ಬಗೆ, ಕೊಣನೂರು ಸಂತೆಯಲ್ಲೂ ಕಾಣಸಿಗುವಂಥವು. ಮೂರನೆಯದು ಸ್ವಲ್ಪ ಓದಿದ ಮಕ್ಕಳ ಕೈಚಳಕ: ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಹಾಡು ತುಂಬಿ, ಅದನ್ನು ತಾತನ ಕಾಲದ ಆಂಪ್ಲಿಫೈಯರಿಗೆ ಜೋಡಿಸಿ, ಮೊಬೈಲಿನಿಂದ ಹಾಡು ಆರಿಸುವುದು. ಬೆಲೆ ಬೇರೆ, ಬೆಡಗು ಬೇರೆ. ಒಳಗಿನ ದಾರಿ ಮಾತ್ರ ಎಲ್ಲಕ್ಕೂ ಒಂದೇ. ಹಾಡು ಸಂಖ್ಯೆಗಳ ರೂಪದಲ್ಲಿ ಫೈಲಿನಲ್ಲಿ ಕುಳಿತಿರುತ್ತದೆ. ಸಿ.ಡಿ.ಯ ಕ್ರಮದಲ್ಲಾದರೆ ಸೆಕೆಂಡಿಗೆ 44,100 ಬಾರಿ ಧ್ವನಿಯ ಅಲೆಯ ಎತ್ತರವನ್ನು ಅಳೆದು ಬರೆದ ಸಂಖ್ಯೆಗಳು. ಪ್ಲೇಯರು ಅವನ್ನು ಓದಿ ಮತ್ತೆ ವಿದ್ಯುತ್ತಿನ ಅಲೆಯಾಗಿಸುತ್ತದೆ, ಆಂಪ್ಲಿಫೈಯರು ಅದನ್ನು ಹಿಗ್ಗಿಸುತ್ತದೆ, ಸ್ಪೀಕರು ಗಾಳಿಯನ್ನು ನಡುಗಿಸುತ್ತದೆ. ಈ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ರಿಪೇರಿ ಆದಂತೆ.

ಪೆನ್‌ಡ್ರೈವಿನಿಂದ ಶುರು ಮಾಡೋಣ. “ಪೆಟ್ಟಿಗೆ ಹೊಸದು, ಪೆನ್‌ಡ್ರೈವೂ ಹೊಸದು, ಆದರೆ ಒಂದಕ್ಕೊಂದು ಮಾತಾಡೋಲ್ಲ” ಎಂದು ಬಂದವರಲ್ಲಿ ಹೆಚ್ಚಿನವರ ತೊಂದರೆ ಡ್ರೈವಿನೊಳಗಿನ ಕಪಾಟಿನ ವ್ಯವಸ್ಥೆಯದು. ಅದರಲ್ಲಿ ಫ್ಯಾಟ್32, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಎಂಬ ಬೇರೆ ಬೇರೆ ಪದ್ಧತಿಗಳಿವೆ. ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟಕ್ಕೆ ಮೊದಲನೆಯದು ಮಾತ್ರ ಓದಲು ಬರುತ್ತದೆ. ದೊಡ್ಡ ಡ್ರೈವುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಆಗಿರುತ್ತವೆ. ಅದಕ್ಕೇ 16 ಅಥವಾ 32 ಜಿಬಿಯದನ್ನು ಕೊಳ್ಳಿ ಎನ್ನುತ್ತೇನೆ. 128 ಜಿಬಿ ಏಕೆ ಬೇಕು? ಲೆಕ್ಕ ಹಾಕಿ ನೋಡಿ: 128 ಕಿಲೋಬಿಟ್ ವೇಗದ ಎಂಪಿ3 ಗಂಟೆಗೆ ಸುಮಾರು 58 ಎಂಬಿ ತೆಗೆದುಕೊಳ್ಳುತ್ತದೆ. 16 ಜಿಬಿಯಲ್ಲಿ ಸುಮಾರು 275 ಗಂಟೆ. ದಿನಕ್ಕೊಂದು ಗಂಟೆ ಕೇಳಿದರೂ ಒಂಬತ್ತು ತಿಂಗಳು ಬೇಕು. ಡ್ರೈವನ್ನು ಹೊಸದಾಗಿ ಫಾರ್ಮ್ಯಾಟ್ ಮಾಡುವುದಾದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಮೊದಲು ಪ್ರತಿ ತೆಗೆದಿಟ್ಟೇ ಕೈಹಾಕಿ.

ಡ್ರೈವು ತೆರೆದುಕೊಂಡಿತು, ಹಾಡೂ ಬಂತು, ಆದರೆ ಕ್ರಮ ತಪ್ಪಿದೆ. ಮಂಗಳ ಮೊದಲು, ವರ್ಣ ಕೊನೆಗೆ. ಇದು ನಮ್ಮೂರಿನ ಹಿರಿಯರಿಗೆ ಊಟದಲ್ಲಿ ಮೊದಲು ಮಜ್ಜಿಗೆ ಅನ್ನ ಬಡಿಸಿದಷ್ಟೇ ಕೋಪ ತರಿಸುತ್ತದೆ. ಇದಕ್ಕೆ ಎರಡು ಕಾರಣಗಳುಂಟು. ‘ಶಫಲ್’ ಎಂಬ ಗುಂಡಿ ಒತ್ತಿಹೋಗಿರಬಹುದು, ಎರಡು ಬಾಣ ಹೆಣೆದುಕೊಂಡ ಚಿಹ್ನೆ ಪರದೆಯ ಮೇಲೆ ಕಂಡರೆ ಅದನ್ನು ಆರಿಸಿ. ಅದಲ್ಲದಿದ್ದರೆ ಪೆಟ್ಟಿಗೆಯು ಹೆಸರನ್ನು ನೋಡದೆ, ಡ್ರೈವಿಗೆ ಯಾವ ಫೈಲು ಮೊದಲು ಬಂತೋ ಅದನ್ನೇ ಮೊದಲು ಹಾಡುವ ಜಾತಿಯದು. ಸರತಿಯ ಸಾಲಿನಲ್ಲಿ ನಿಂತವರಿಗೆ ಚೀಟಿ ಕೊಟ್ಟ ಹಾಗೆ. ಹೆಸರುಗಳ ಮುಂದೆ 01, 02, 03 ಎಂದು ಬರೆದು (ಬರೀ 1, 2 ಎಂದರೆ ಕೆಲವು ಯಂತ್ರಗಳು 1ರ ನಂತರ 10ಕ್ಕೆ ಹಾರುತ್ತವೆ), ಡ್ರೈವನ್ನು ಖಾಲಿ ಮಾಡಿ, ಅದೇ ಕ್ರಮದಲ್ಲಿ ಒಂದೊಂದಾಗಿ ತುಂಬಿದರೆ ಎರಡೂ ಜಾತಿಯ ಪೆಟ್ಟಿಗೆ ದಾರಿಗೆ ಬರುತ್ತದೆ. ಕನ್ನಡದಲ್ಲಿ ಬರೆದ ಹೆಸರು ಪರದೆಯ ಮೇಲೆ ಚೌಕಚೌಕವಾಗಿ ಕಂಡರೆ ಫೈಲು ಹಾಳಾಗಿದೆ ಎಂದು ಹೆದರಬೇಡಿ. ಪೆಟ್ಟಿಗೆಯಲ್ಲಿ ಕನ್ನಡ ಅಕ್ಷರಗಳಿಲ್ಲ, ಅಷ್ಟೆ. ಕನ್ನಡ ಹೆಸರನ್ನು ಅಳಿಸುವ ಬದಲು ಮುಂದೆ ಅಂಕಿ ಹಾಕಿ, ಆ ಅಂಕಿಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಪಕ್ಕ ಅಂಟಿಸುವುದೇ ಸರಿ.

ಇನ್ನೊಂದು ಮಾತು. ಆಲಾಪನೆ ಒಂದು ಫೈಲು, ಕೃತಿ ಒಂದು, ತನಿ ಆವರ್ತನ ಒಂದು ಎಂದು ಕತ್ತರಿಸಬೇಡಿ. ಎಂಪಿ3 ಮಾಡುವಾಗ ಪ್ರತಿ ಫೈಲಿನ ಹಿಂದೆ ಮುಂದೆ ಚೂರು ಮೌನ ಸೇರಿಕೊಳ್ಳುತ್ತದೆ, ಜೋಡಣೆಯ ಜಾಗದಲ್ಲಿ ತಂಬೂರಿ ಗಕ್ಕನೆ ನಿಂತು ಮತ್ತೆ ಹೊರಡುತ್ತದೆ. ಇಡೀ ಕಚೇರಿ ಒಂದೇ ಫೈಲಾಗಿದ್ದರೆ ಕರೆಂಟು ಹೋಗಿ ಬಂದಾಗ ಮತ್ತೆ ವರ್ಣದಿಂದ ಕೇಳಬೇಕಾಗುತ್ತದೆ, ಅದೂ ಕಷ್ಟ. ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗೆ ಒಂದೇ ವರ್ಣವನ್ನು ಮಳೆಗಾಲವಿಡೀ ಕೇಳಿ ಮನೆಯ ಸೊಸೆಗೆ ಅದು ಬಾಯಿಪಾಠವಾಗಿದೆ. ಒಂದು ರಾಗಕ್ಕೆ ಒಂದು ಫೈಲು ಎಂಬುದು ಮಧ್ಯಮ ಮಾರ್ಗ.

ಇನ್ನು ಧ್ವನಿ ಬರದಿದ್ದಾಗ. ಇಲ್ಲಿ ಪ್ರಯೋಗಶಾಲೆಯ ಒಂದೇ ನಿಯಮ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಎಲ್ಲ ವೈರುಗಳನ್ನೂ ಒಟ್ಟಿಗೆ ಕಿತ್ತು ಒಟ್ಟಿಗೆ ಚುಚ್ಚಿದರೆ ಪೆಟ್ಟಿಗೆ ಹಾಡಲೂಬಹುದು, ಆದರೆ ಏಕೆ ಕೆಟ್ಟಿತ್ತು ಎಂಬುದು ತಿಳಿಯುವುದಿಲ್ಲ, ಮುಂದಿನ ಶುಕ್ರವಾರ ಮತ್ತೆ ಕೆಡುತ್ತದೆ. ಎಡಗಡೆಯ ಸ್ಪೀಕರು ಮಾತ್ರ ಸುಮ್ಮನಿದೆ ಎನ್ನಿ. ಆಂಪ್ಲಿಫೈಯರಿನ ಹಿಂದೆ ಎಡ ಬಲದ ಸ್ಪೀಕರ್ ವೈರುಗಳನ್ನು ಅದಲುಬದಲು ಮಾಡಿ. ಆಗಲೂ ಎಡದ ಸ್ಪೀಕರೇ ಸುಮ್ಮನಿದ್ದರೆ ದೋಷ ಆ ಸ್ಪೀಕರಿನದು ಅಥವಾ ಅದರ ವೈರಿನದು. ಮೌನ ಬಲಕ್ಕೆ ಹೋದರೆ ಸ್ಪೀಕರಿನ ತಪ್ಪಿಲ್ಲ, ದೋಷ ಹಿಂದಿದೆ. ಆಗ ಪ್ಲೇಯರಿನಿಂದ ಬರುವ ವೈರುಗಳನ್ನು ಅದಲುಬದಲು ಮಾಡಿ. ಹೀಗೆ ಮೂರು ಹೆಜ್ಜೆಯಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಅದಲುಬದಲು ಮಾಡುವ ಮುಂಚೆ ಸ್ವಿಚ್ಚು ಆರಿಸಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ಹಳೆಯ ಧ್ವನಿಸುರುಳಿಯಿಂದ ಇಳಿಸಿದ ಫೈಲುಗಳಲ್ಲಿ ಮಾತ್ರ ಒಂದು ಕಡೆ ಮೌನವಿದ್ದು, ಬೇರೆ ಹಾಡುಗಳು ಎರಡೂ ಕಡೆ ಬರುತ್ತಿದ್ದರೆ ಯಂತ್ರವನ್ನು ಬಿಡಿ, ಇಳಿಸುವಾಗಲೇ ಒಂದು ಕಡೆಯ ಧ್ವನಿ ಮಾತ್ರ ದಾಖಲಾಗಿದೆ.

ಎರಡೂ ಸ್ಪೀಕರು ಹಾಡುತ್ತಿವೆ, ಆದರೆ ಗಾಯಕರು ಎಲ್ಲೋ ಬಾವಿಯೊಳಗೆ ಕುಳಿತಂತಿದೆ, ಮೃದಂಗದ ಎಡಗಡೆಯ ಗುಮುಕು ಮಾಯವಾಗಿದೆ. ಒಂದು ಸ್ಪೀಕರಿನ ಕೆಂಪು ಕಪ್ಪು ವೈರು ತಿರುವುಮುರುವಾದರೆ ಹೀಗಾಗುತ್ತದೆ. ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಎರಡೂ ಅಲೆಗಳು ಒಂದನ್ನೊಂದು ತಿಂದುಹಾಕುತ್ತವೆ, ಅದರಲ್ಲೂ ಕೆಳಗಿನ ಸ್ವರಗಳಲ್ಲಿ. ಒಂದೇ ಸ್ಪೀಕರಿನ ಎರಡು ವೈರು ಬದಲಿಸಿದರೆ ಗಾಯಕರು ಬಾವಿಯಿಂದ ಎದ್ದು ನಡುಮನೆಗೆ ಬಂದು ಕೂರುತ್ತಾರೆ. ಇದನ್ನು ನೋಡಿ ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಚಪ್ಪಾಳೆ ತಟ್ಟುವುದುಂಟು. ‘ರಾಕ್’, ‘ಪಾಪ್’ ಎಂದೆಲ್ಲ ಬರೆದ ಗುಂಡಿಗಳಿದ್ದರೆ ಅವನ್ನು ‘ನಾರ್ಮಲ್’ಗೆ ತನ್ನಿ. ಸ್ಪೀಕರನ್ನು ಮೂಲೆಗೆ ಒತ್ತಿ ಇಟ್ಟರೆ ಗೋಡೆಗಳೇ ಗುಮುಕನ್ನು ಹೆಚ್ಚಿಸುತ್ತವೆ, ಒಂದು ಮೊಳ ಈಚೆ ಎಳೆಯಿರಿ. ಬರೀ ನೆಲವಿರುವ ಹಜಾರದಲ್ಲಿ ಒಂದು ಜಮಖಾನ ಹಾಸಿದರೆ ಅರ್ಧ ಪ್ರತಿಧ್ವನಿ ಅಡಗುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ.

ವಾಲ್ಯೂಮ್ ಏರಿಸಿದ ಕೂಡಲೇ ಪೆಟ್ಟಿಗೆ ಆರಿ ಮತ್ತೆ ಹೊತ್ತಿಕೊಂಡರೆ ಅಡಾಪ್ಟರನ್ನು ಶಂಕಿಸಿ. ಪೆಟ್ಟಿಗೆಯ ಬೆನ್ನಿನ ಮೇಲೆ 5 ವೋಲ್ಟ್ 2 ಆಂಪಿಯರ್ ಎಂದು ಬರೆದಿದ್ದರೆ, ಹಳೆಯ ಮೊಬೈಲಿನ ಅರ್ಧ ಆಂಪಿಯರ್ ಚಾರ್ಜರು ಅದನ್ನು ಹೊರಲಾರದು. ವೋಲ್ಟು ಸಮನಾಗಿರಬೇಕು, ಆಂಪಿಯರು ಹೇಳಿದಷ್ಟೋ ಅದಕ್ಕಿಂತ ಹೆಚ್ಚೋ ಇರಬೇಕು. ರಾಸ್‌ಬೆರಿ ಪೈ ಇಟ್ಟುಕೊಂಡವರು ಇನ್ನೂ ಒಂದು ಎಚ್ಚರ ವಹಿಸಬೇಕು: ಅದನ್ನು ಕಂಪ್ಯೂಟರಿನಂತೆಯೇ ಮೊಬೈಲಿನಿಂದ ‘ಶಟ್‌ಡೌನ್’ ಮಾಡಿ ಆಮೇಲೆ ಸ್ವಿಚ್ಚು ಆರಿಸಬೇಕು. ಬರೆಯುವ ಹೊತ್ತಿನಲ್ಲಿ ಕರೆಂಟು ಹೋದರೆ ಮೆಮೊರಿ ಕಾರ್ಡಿನ ಪುಟ ಹರಿದಂತೆಯೇ. ನಮ್ಮ ಕಡೆ ಕರೆಂಟು ಹೇಳಿ ಹೋಗುವುದಿಲ್ಲವಷ್ಟೆ, ಒಂದು ಸಣ್ಣ ಬ್ಯಾಟರಿಯ ಆಸರೆ ಕೊಡಿ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿನ ಸಂಜೆ ಮಾತ್ರ ಯಾವ ಆಸರೆಯನ್ನೂ ನಂಬದೆ ಪ್ಲಗ್ಗನ್ನೇ ಕೀಳುವುದು ಕ್ಷೇಮ.

ಈಗ ಗುಂಯ್‌ಗುಟ್ಟುವ ದೂರಿಗೆ ಬರೋಣ. ಹಾಡು ನಿಂತಾಗಲೂ ಸ್ಪೀಕರಿನಿಂದ ಸಣ್ಣಗೆ ದುಂಬಿಯ ನಾದ ಬರುತ್ತಿರುತ್ತದೆ. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ತೂಗುವಂಥದು, ಆ 50 ಮತ್ತು ಅದರ ಇಮ್ಮಡಿಯಾದ 100ರ ಕಂಪನವೇ ಈ ದುಂಬಿ. ಪ್ಲೇಯರನ್ನು ಪವರ್ ಬ್ಯಾಂಕಿನಿಂದ ನಡೆಸಿ ನೋಡಿ. ದುಂಬಿ ಹೋದರೆ ದೋಷ ಅಡಾಪ್ಟರಿನದು ಅಥವಾ ಎರಡು ಯಂತ್ರಗಳು ಎರಡು ಬೇರೆ ಪ್ಲಗ್ಗುಗಳ ಭೂಸಂಪರ್ಕದಿಂದ ಸುತ್ತು ಹೊಡೆಯುತ್ತಿರುವುದರದು. ಎಲ್ಲವನ್ನೂ ಒಂದೇ ಪ್ಲಗ್ ಹಲಗೆಗೆ ತಂದರೆ ಬಹುಮಟ್ಟಿಗೆ ನಿಲ್ಲುತ್ತದೆ. ಕೆಲವು ಜಾಣರು ಮೂರು ಕಡ್ಡಿಯ ಪ್ಲಗ್ಗಿನಲ್ಲಿ ದಪ್ಪ ಕಡ್ಡಿಯನ್ನೇ ಮುರಿದು ದುಂಬಿಯನ್ನು ಓಡಿಸುತ್ತಾರೆ. ಪ್ರಾಣ ಕಾಯುವ ಕಡ್ಡಿ ಅದು, ದಯವಿಟ್ಟು ಮುಟ್ಟಬೇಡಿ.

ಈ ದುಂಬಿಯ ಮೇಲೆ ನನಗೆ ಕೋಪವಿರುವಷ್ಟೇ ಪ್ರೀತಿಯೂ ಇದೆ. ಕಾರಣ ಹೇಳುತ್ತೇನೆ.

ನಮ್ಮ ನೆರೆಮನೆಯಲ್ಲಿ ಸಂಗೀತ ಕಲಿಯುತ್ತಿರುವ ಹುಡುಗಿಯೊಬ್ಬಳಿದ್ದಾಳೆ. ಅವಳ ಮುತ್ತಾತ ಹೇಳಿದ ಪಾಠಗಳ ಧ್ವನಿಸುರುಳಿಗಳು ಅವರ ಮನೆಯಲ್ಲಿದ್ದವು. ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟು ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿ ತಂದರು. “ಇನ್ನು ಈ ಕ್ಯಾಸೆಟ್ಟು ಯಾಕೆ, ಬಿಸಾಕಿ” ಎಂದು ಅಂಗಡಿಯವರು ಹೇಳಿದರಂತೆ. ಮನೆಯ ಅಜ್ಜಿ ಬಿಸಾಡದೆ ಹಿಟ್ಟಿನ ಡಬ್ಬದಲ್ಲಿಟ್ಟರು. ಹುಡುಗಿ ಪೆಟ್ಟಿಗೆಯ ಹಾಡಿನ ಜೊತೆ ಅಭ್ಯಾಸಕ್ಕೆ ಕುಳಿತರೆ ತಂಬೂರಿ ಪೆಟ್ಟಿಗೆಯೊಡನೆ ಸೇರುತ್ತಿರಲಿಲ್ಲ. ತಂಬೂರಿಯನ್ನೇ ಏರಿಸಿ ಸೇರಿಸಿಕೊಂಡಳು, ಮೇಲಿನ ಸ್ಥಾಯಿಯಲ್ಲಿ ಗಂಟಲು ಕಟ್ಟತೊಡಗಿತು. ಅಜ್ಜಿ ಎರಡು ದಿನ ಕೇಳಿ ಮೂರನೆಯ ದಿನ ನನ್ನನ್ನು ಕರೆಸಿದರು. “ಏನಪ್ಪಾ ಮೇಷ್ಟ್ರೇ, ಇದು ನಮ್ಮ ಮಾವನವರ ಶ್ರುತಿಯಲ್ಲ. ಅವರು ಹೀಗೆ ಕೀರಲು ದನಿಯಲ್ಲಿ ಹಾಡಿದವರೇ ಅಲ್ಲ. ಆ ಓಟವೂ ಅವರದಲ್ಲ.”

ಅಜ್ಜಿಯ ಮಾತು ಭೌತವಿಜ್ಞಾನಕ್ಕೆ ಪೂರ್ತಿ ಒಪ್ಪುತ್ತದೆ. 1963ರಲ್ಲಿ ಫಿಲಿಪ್ಸ್ ಕಂಪನಿ ತಂದ ಧ್ವನಿಸುರುಳಿಯ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು ಎಂಬುದು ನಿಯಮ. ಓಟ ಶೇಕಡಾ 6ರಷ್ಟು ಹೆಚ್ಚಿದರೆ ಎಲ್ಲ ಕಂಪನಗಳೂ ಶೇಕಡಾ 6ರಷ್ಟು ಹೆಚ್ಚುತ್ತವೆ, ಅಂದರೆ ಹಾರ್ಮೋನಿಯಂನಲ್ಲಿ ಸರಿಯಾಗಿ ಪಕ್ಕದ ಮನೆಗೆ ಶ್ರುತಿ ಏರುತ್ತದೆ, ತಾಳವೂ ಅಷ್ಟೇ ಓಡುತ್ತದೆ. ತಪ್ಪು ಎರಡು ಕಡೆ ಆಗಬಹುದು. ಇಳಿಸಿದ ಯಂತ್ರದ ಮೋಟಾರು ಜೋರಾಗಿ ಓಡಿರಬಹುದು. ಅಥವಾ ಅಂದು ಧ್ವನಿಮುದ್ರಿಸಿದ ಯಂತ್ರದ ಸೆಲ್ಲುಗಳು ಸೊರಗಿ ಅದು ನಿಧಾನವಾಗಿ ಓಡಿರಬಹುದು. ನಿಧಾನವಾಗಿ ಬರೆದದ್ದನ್ನು ಸರಿಯಾದ ವೇಗದಲ್ಲಿ ಓದಿದರೆ ಕೀರಲಾಗಿಯೇ ಕೇಳುತ್ತದೆ. ಒಂದೇ ಸುರುಳಿಯ ಆರಂಭದಲ್ಲಿ ಶ್ರುತಿ ಸರಿಯಿದ್ದು ಹೋಗುತ್ತ ಹೋಗುತ್ತ ಏರಿದರೆ ಸೆಲ್ಲೇ ಅಪರಾಧಿ ಎಂದು ತಿಳಿಯಬಹುದು.

ಎಷ್ಟು ಏರಿದೆ ಎಂದು ಅಳೆಯುವುದು ಹೇಗೆ? ಇಲ್ಲಿ ದುಂಬಿ ನೆರವಿಗೆ ಬರುತ್ತದೆ. ಅಂದಿನ ರೆಕಾರ್ಡರನ್ನೋ ಮೈಕಿನವರ ಆಂಪ್ಲಿಫೈಯರನ್ನೋ ಮನೆಯ ಕರೆಂಟಿನಿಂದ ನಡೆಸಿದ್ದರೆ, ಹಾಡಿನ ಹಿಂದೆ ಆ ದಿನದ ದುಂಬಿಯೂ ಟೇಪಿನಲ್ಲಿ ಕುಳಿತಿರುತ್ತದೆ. ಅದು 50 ಇರಬೇಕಾದ್ದು. ಟೇಪು ಜೋರಾಗಿ ಓಡಿದರೆ ಹಾಡಿನ ಜೊತೆ ದುಂಬಿಯೂ ಏರುತ್ತದೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಫೈಲನ್ನು ತೆರೆದು, ಹಾಡು ಶುರುವಾಗುವ ಮುಂಚಿನ ಮೌನದ ಒಂದು ತುಣುಕನ್ನು ಆರಿಸಿ, ‘ಪ್ಲಾಟ್ ಸ್ಪೆಕ್ಟ್ರಮ್’ ಒತ್ತಿದರೆ ಕಂಪನಗಳ ನಕ್ಷೆ ಮೂಡುತ್ತದೆ. ಅದರಲ್ಲಿ ‘ಸೈಜ್’ ಎಂಬುದನ್ನು ಆದಷ್ಟು ದೊಡ್ಡದಕ್ಕೆ ಇಟ್ಟರೆ ಶಿಖರಗಳು ಬಿಡಿಬಿಡಿಯಾಗಿ ಕಾಣುತ್ತವೆ. ನೆರೆಮನೆಯ ಫೈಲಿನಲ್ಲಿ 53ರ ಬಳಿ ಒಂದು ಶಿಖರ, 106ರ ಬಳಿ ಇನ್ನೊಂದು. ಶೇಕಡಾ 6. ಅಜ್ಜಿಯ ಕಿವಿಗೆ ನಮಸ್ಕಾರ.

ಇಲ್ಲಿ ಎರಡು ಎಚ್ಚರಿಕೆ ಹೇಳದಿದ್ದರೆ ತಪ್ಪಾದೀತು. ಟೇಪನ್ನು ನೀವೇ ಇಳಿಸುವುದಾದರೆ, ಇಂದಿನ ನಿಮ್ಮ ಯಂತ್ರದ ದುಂಬಿಯೂ ಅದರಲ್ಲಿ ಸೇರಬಹುದು, ಅದು ಯಾವಾಗಲೂ 50ರ ಬಳಿಯೇ ಇರುತ್ತದೆ. ಟೇಪನ್ನು ನಿಲ್ಲಿಸಿ ಒಂದು ನಿಮಿಷ ಬರೀ ಮೌನವನ್ನು ದಾಖಲಿಸಿ. ಅದರಲ್ಲಿ ಕಂಡ ಶಿಖರ ಇಂದಿನದು, ಅದನ್ನು ಬಿಟ್ಟು ಉಳಿದದ್ದು ಅಂದಿನದು. ಎರಡನೆಯದು ಇನ್ನೂ ಸೂಕ್ಷ್ಮ. ಅಂದಿನ ಕರೆಂಟು ನಿಜವಾಗಿಯೂ 50 ಇತ್ತೇ? 1990ರ ದಶಕದಲ್ಲಿ ದಕ್ಷಿಣ ಭಾರತದ ವಿದ್ಯುತ್ ಜಾಲದಲ್ಲಿ ಬೇಡಿಕೆ ಏರಿದ ಸಂಜೆಗಳಲ್ಲಿ ಕಂಪನ 49ಕ್ಕೂ ಕೆಳಗೆ ಇಳಿಯುತ್ತಿದ್ದುದು ಅಪರೂಪವಲ್ಲ. 49ರ ದುಂಬಿಯನ್ನು 50 ಎಂದು ನಂಬಿ ತಿದ್ದಿದರೆ ಶೇಕಡಾ 2ರ ತಪ್ಪು ಉಳಿಯುತ್ತದೆ, ಪಕ್ಕದ ಮನೆಯ ದೂರದಲ್ಲಿ ಮೂರನೇ ಒಂದು ಭಾಗ. ಸಾಮಾನ್ಯ ಕಿವಿಗೆ ಅದು ಗೊತ್ತಾಗದು, ಅವರ ಹಾಡನ್ನು ಬಲ್ಲವರ ಕಿವಿಗೆ ಗೊತ್ತಾದೀತು. ಆದ್ದರಿಂದ ದುಂಬಿ ದಾರಿ ತೋರಿಸಲಿ, ತೀರ್ಪು ಮಾತ್ರ ಆ ಗಾಯಕರನ್ನು ಎದುರು ಕುಳಿತು ಕೇಳಿದವರದಾಗಲಿ. ಅವರು ಯಾವ ಮನೆಯಲ್ಲಿ ಹಾಡುತ್ತಿದ್ದರು ಎಂದು ಗೊತ್ತಿದ್ದರೆ ಶ್ರುತಿಪೆಟ್ಟಿಗೆಯನ್ನೋ ಎಲೆಕ್ಟ್ರಾನಿಕ್ ತಂಬೂರಿಯನ್ನೋ ಆ ಮನೆಗೆ ಇಟ್ಟು ಹೋಲಿಸಬಹುದು. ಎಲೆಕ್ಟ್ರಾನಿಕ್ ತಂಬೂರಿ ಎಂದ ಮೇಲೆ, 1979ರಲ್ಲಿ ಅದನ್ನು ಮಾಡಿದವರು ಬೆಂಗಳೂರಿನ ಜಿ. ರಾಜನಾರಾಯಣ್ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ತಿದ್ದುವಾಗ ‘ಚೇಂಜ್ ಸ್ಪೀಡ್’ ಎಂಬುದನ್ನು ಬಳಸಬೇಕು, ‘ಚೇಂಜ್ ಪಿಚ್’ ಎಂಬುದನ್ನಲ್ಲ. ಎರಡನೆಯದು ಶ್ರುತಿಯನ್ನು ಮಾತ್ರ ಇಳಿಸಿ ಓಟವನ್ನು ಹಾಗೆಯೇ ಬಿಡುತ್ತದೆ. ಟೇಪಿನ ತಪ್ಪಿನಲ್ಲಿ ಎರಡೂ ಒಟ್ಟಿಗೆ ಏರಿರುವುದರಿಂದ ಎರಡೂ ಒಟ್ಟಿಗೇ ಇಳಿಯಬೇಕು. ಎಷ್ಟು ಇಳಿಸಬೇಕು? “6 ಏರಿದೆ, 6 ಇಳಿಸಿ” ಎಂದು ನಮ್ಮ ಹತ್ತನೇ ತರಗತಿಯವರೂ ಒಕ್ಕೊರಲಿನಿಂದ ಹೇಳುತ್ತಾರೆ. 53ರಲ್ಲಿ ಶೇಕಡಾ 6 ಕಳೆದರೆ 49.82 ಬರುತ್ತದೆ, 50 ಅಲ್ಲ. 50ನ್ನು 53ರಿಂದ ಭಾಗಿಸಿ ನೋಡಿ: ಇಳಿಸಬೇಕಾದ್ದು ಶೇಕಡಾ 5.66. ವ್ಯತ್ಯಾಸ ಚಿಕ್ಕದೇ, ಆದರೆ ಲೆಕ್ಕ ಲೆಕ್ಕವೇ.

ನೆರೆಮನೆಯ ಸುರುಳಿಗಳನ್ನು ಮಾತ್ರ ಹೀಗೆ ತಿದ್ದದೆ ಹೊಸದಾಗಿಯೇ ಇಳಿಸಿದೆವು. ಅಂಗಡಿಯವರು 64 ಕಿಲೋಬಿಟ್ಟಿನ ಎಂಪಿ3 ಮಾಡಿದ್ದರು, ಅದರಲ್ಲಿ ತಂಬೂರಿ ನೀರಿನೊಳಗೆ ಮೀಟಿದಂತೆ ಗುಳುಗುಳು ಎನ್ನುತ್ತಿತ್ತು. ಎಂಪಿ3 ವಿಧಾನ ಜಾಗ ಉಳಿಸುವುದೇ, ದೊಡ್ಡ ಧ್ವನಿಯ ಮರೆಯಲ್ಲಿ ನಮ್ಮ ಕಿವಿಗೆ ಕೇಳಿಸದು ಎಂದು ಅದು ಎಣಿಸಿದ ಸಣ್ಣ ಧ್ವನಿಯನ್ನು ಬಿಟ್ಟುಕೊಟ್ಟು. ಕಂಠ, ಪಿಟೀಲು, ಮೃದಂಗದ ಹಿಂದೆ ಸಣ್ಣಗೆ ಕುಳಿತಿರುವವರು ಯಾರು? ತಂಬೂರಿ. ಅದರ ಕುದುರೆಯ ಮೇಲೆ ತಂತಿಯ ಅಡಿಗೆ ಸಿಕ್ಕಿಸುವ ದಾರದ ಎಳೆಯಿಂದ ಹುಟ್ಟುವ ಆ ಝೇಂಕಾರ, ‘ಜೀವಾಳ’ ಎಂದು ಅದಕ್ಕೆ ಹೆಸರಿಟ್ಟಿದ್ದಾರೆ, ಅತಿಯಾಗಿ ಹಿಂಡಿದ ಫೈಲಿನಲ್ಲಿ ಮೊದಲು ಕೆಡುವುದು ಅದೇ. ಕೇಳಲು 192 ಕಿಲೋಬಿಟ್ಟಾದರೂ ಇರಲಿ. ಕಾಪಿಡಲು ಎಂಪಿ3 ಬೇಡ, ಫ್ಲ್ಯಾಕ್ ಎಂಬ ವಿಧಾನ ಬಳಸಿ, ಅದು ಒಂದು ಸಂಖ್ಯೆಯನ್ನೂ ಕಳೆಯದೆ ಮಡಚಿಡುತ್ತದೆ. ಮಡಚದೆ ಇಟ್ಟರೆ ಗಂಟೆಗೆ ಸುಮಾರು 635 ಎಂಬಿ ಬೇಕು, ಫ್ಲ್ಯಾಕ್‌ನಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಬರೀ ಎಂಪಿ3 ಓದುವ ಪೆಟ್ಟಿಗೆಯಾದರೆ ಅದಕ್ಕೆ ಎಂಪಿ3 ಪ್ರತಿ ಕೊಡಿ, ಮೂಲವನ್ನು ಫ್ಲ್ಯಾಕ್‌ನಲ್ಲಿ ಬೇರೆ ಇಡಿ.

ಇಳಿಸುವ ಕೆಲಸ ಕಷ್ಟವಲ್ಲ, ತಾಳ್ಮೆ ಬೇಕು. ಸರಿಯಾಗಿ ಓಡುವ ಟೇಪ್ ಡೆಕ್ಕಿನ ‘ಲೈನ್ ಔಟ್’ನಿಂದ ಕಂಪ್ಯೂಟರಿನ ‘ಲೈನ್ ಇನ್’ಗೆ ವೈರು ಜೋಡಿಸಬೇಕು, ಮೈಕಿನ ತೂತಿಗೆ ಚುಚ್ಚಿದರೆ ಧ್ವನಿ ಒಡೆಯುತ್ತದೆ. ಡೆಕ್ಕಿನ ತಲೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಧ್ವನಿ ಮಂಕಾಗಿದ್ದರೆ ತಲೆಯ ಓರೆಯನ್ನು ಸರಿಪಡಿಸುವ ಚಿಕ್ಕ ತಿರುಪನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ ತಾಳದ ಟಿಣ್‌ ಎಂಬ ಸದ್ದು ಅತ್ಯಂತ ಸ್ಪಷ್ಟವಾಗುವಲ್ಲಿ ನಿಲ್ಲಿಸಬೇಕು. ದಾಖಲಾಗುವ ಮಟ್ಟ ಮೇಲಿನ ಗೆರೆಯನ್ನು ಎಂದೂ ಮುಟ್ಟಕೂಡದು. ಮತ್ತೆ ಉಳಿದದ್ದು ಒಂದು ಗಂಟೆಯ ಸುರುಳಿಗೆ ಒಂದು ಗಂಟೆ ಕುಳಿತು ಕೇಳುವುದು. ಇದನ್ನು ಬೇಗ ಮಾಡುವ ಉಪಾಯವಿಲ್ಲ, ಉಪಾಯವಿದೆ ಎನ್ನುವವರ ಕೈಗೆ ಸುರುಳಿ ಕೊಡಬೇಡಿ. ಹುಡುಗಿ, ಅಜ್ಜಿ, ನಾನು ಹನ್ನೊಂದು ಸುರುಳಿಗಳಿಗೆ ಒಂದು ದಸರಾ ರಜೆಯನ್ನೇ ಕೊಟ್ಟೆವು. ನಾಲ್ಕನೆಯ ಸುರುಳಿಯಲ್ಲಿ ಮುತ್ತಾತ ಹಾಡು ನಿಲ್ಲಿಸಿ ಯಾರಿಗೋ ಕಾಫಿ ಕೊಡಲು ಹೇಳುತ್ತಾರೆ. ಅಂಗಡಿಯವರು ಅದನ್ನು ಬೇಡದ್ದೆಂದು ಕತ್ತರಿಸಿದ್ದರು. ಕಾಫಿ ತರಬೇಕಾಗಿದ್ದದ್ದು ಅಜ್ಜಿಯೇ, ಆಗ ಅವರು ಹೊಸ ಸೊಸೆ. ಆ ಸಾಲನ್ನು ಮೂರು ಸಲ ಹಾಕಿಸಿಕೊಂಡು ಕೇಳಿದರು. ಹುಡುಗಿಯ ತಂಬೂರಿ ಈಗ ಹಳೆಯ ಮನೆಗೇ ಇಳಿದಿದೆ, ಗಂಟಲಿನ ದೂರಿಲ್ಲ.

ಇಳಿಸಿ ಮುಗಿಸಿದವರು ಎರಡು ಪ್ರತಿ ಮಾಡಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಪೆನ್‌ಡ್ರೈವಿನಲ್ಲಿ ಸಂಖ್ಯೆಗಳು ನಿಲ್ಲುವುದು ಸೂಕ್ಷ್ಮವಾದ ವಿದ್ಯುದಂಶದ ರೂಪದಲ್ಲಿ, ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಅದು ಸೋರಿಹೋಗಬಲ್ಲದು. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನವೇ ಆಗಲಿ, ಎರಡನ್ನೂ ಕಂಪ್ಯೂಟರಿಗೆ ಹಾಕಿ ತೆರೆದು ನೋಡಿ, ಐದಾರು ವರ್ಷಕ್ಕೊಮ್ಮೆ ಹೊಸದಕ್ಕೆ ದಾಟಿಸಿ. ಯಾರ ಹಾಡು, ಯಾವ ಊರು, ಯಾವ ವರ್ಷ, ಪಿಟೀಲು ಯಾರು, ಮೃದಂಗ ಯಾರು, ಎಷ್ಟು ಶೇಕಡಾ ತಿದ್ದಿದ್ದೀರಿ ಎಂಬುದನ್ನು ಒಂದು ಸಾದಾ ಫೈಲಿನಲ್ಲಿ ಕನ್ನಡದಲ್ಲಿ ಬರೆದು ಹಾಡುಗಳ ಜೊತೆಗೇ ಇಡಿ. ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಮೂಲ ಸುರುಳಿಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಸ್ಪೀಕರಿನ ಅಯಸ್ಕಾಂತದಿಂದ ದೂರ, ಪುಸ್ತಕದಂತೆ ನಿಲ್ಲಿಸಿಡಿ. ಹಿಟ್ಟಿನ ಡಬ್ಬವಾದರೆ ಮೊದಲು ಹಿಟ್ಟನ್ನು ಪೂರ್ತಿ ಒರೆಸಿ.

ಮಳೆಗಾಲದ ತೇವಕ್ಕೆ ಬಿಳಿ ಬೂಷ್ಟು ಹಿಡಿದ ಸುರುಳಿಗಳನ್ನು ಮಾತ್ರ ಹಾಗೆಯೇ ಡೆಕ್ಕಿಗೆ ಹಾಕಬೇಡಿ, ಒಂದರ ಬೂಷ್ಟು ತಲೆಗೆ ಅಂಟಿ ಉಳಿದ ಎಲ್ಲಕ್ಕೂ ಹರಡುತ್ತದೆ. ಅವನ್ನು ಬೇರೆ ಚೀಲದಲ್ಲಿ ಕಟ್ಟಿಡಿ, ಶುಚಿ ಮಾಡುವ ಬಗೆಯನ್ನು ಮುಂದಿನ ವಾರ ಬರೆಯುತ್ತೇನೆ.